ಕಾಬೂಲಿನ ನೆಲದಡಿ ಅಥೆನ್ಸಿನ ಬೆಳ್ಳಿ: ಗ್ರೀಕ್ ನಾಣ್ಯಗಳು ಟಂಕಸಾಲೆಯಿಂದ ಅಷ್ಟು ದೂರ ಹೋದದ್ದು ಹೇಗೆ?

1933ರಲ್ಲಿ ಕಾಬೂಲ್ ನಗರದ ಚಮನ್-ಇ-ಹಜೂರಿ ಎಂಬಲ್ಲಿ ಮನೆಯೊಂದರ ಬುನಾದಿ ತೋಡುತ್ತಿದ್ದಾಗ ಸುಮಾರು ಒಂದು ಸಾವಿರ ಬೆಳ್ಳಿ ನಾಣ್ಯಗಳೂ ಒಂದಿಷ್ಟು ಆಭರಣಗಳೂ ಸಿಕ್ಕವು. ಪರಿಶೀಲನೆಗೆ ದೊರೆತ ನೂರಕ್ಕೂ ಹೆಚ್ಚು ನಾಣ್ಯಗಳಲ್ಲಿ ಪರ್ಷಿಯದ ಅರಸರ ನಾಣ್ಯಗಳಿದ್ದವು, ಆ ಪ್ರದೇಶದಲ್ಲೇ ತಯಾರಾದ ಬಾಗಿದ ಬೆಳ್ಳಿಪಟ್ಟಿಗಳಿದ್ದವು. ಅವುಗಳ ಜೊತೆಗೆ, ಅಲ್ಲಿಂದ ಸುಮಾರು ನಾಲ್ಕು ಸಾವಿರ ಕಿಲೋಮೀಟರ್ ದೂರದ ಅಥೆನ್ಸ್ ನಗರದ ಗೂಬೆ ಚಿತ್ರದ ನಾಣ್ಯಗಳು ಮೂವತ್ತಕ್ಕೂ ಹೆಚ್ಚಿದ್ದವು. ಬೇರೆ ಬೇರೆ ಗ್ರೀಕ್ ನಗರಗಳ ನಾಣ್ಯಗಳೂ ಹೆಚ್ಚುಕಡಿಮೆ ಅಷ್ಟೇ ಇದ್ದವು.

ಕಾಬೂಲಿನಲ್ಲಿ ಗ್ರೀಕ್ ನಾಣ್ಯ ಎಂದ ಕೂಡಲೇ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಅಲೆಕ್ಸಾಂಡರ್. ಗ್ರೀಕರು ನಮ್ಮ ಕಡೆಗೆ ಬಂದದ್ದು ಅವನ ಸೈನ್ಯದೊಂದಿಗೆ ಎಂದೇ ಶಾಲೆಯಲ್ಲಿ ಓದಿದ್ದೇವೆ. ಆದರೆ ಅವನು ಹಿಂದೂಕುಷ್ ತಪ್ಪಲನ್ನು ತಲುಪಿದ್ದು ಕ್ರಿ.ಪೂ. 329ರಲ್ಲಿ, ಈ ನಾಣ್ಯಗಳನ್ನು ನೆಲದಲ್ಲಿ ಹೂತದ್ದು ಕ್ರಿ.ಪೂ. 380ರ ಆಸುಪಾಸಿನಲ್ಲಿ. ಅಂದರೆ ಗ್ರೀಕ್ ಸೈನಿಕರಿಗಿಂತ ಅರ್ಧ ಶತಮಾನ ಮೊದಲೇ ಗ್ರೀಕ್ ಬೆಳ್ಳಿ ಕಾಬೂಲಿಗೆ ಬಂದಿತ್ತು. ಹೀಗೆ ಬಂದದ್ದು ಹೇಗೆ, ಬಂದದ್ದರಿಂದ ಏನನ್ನು ತೀರ್ಮಾನಿಸಬಹುದು, ಏನನ್ನು ತೀರ್ಮಾನಿಸಬಾರದು ಎಂಬುದು ತಿಳಿಯಬೇಕಾದರೆ ಆ ಕಾಲದಲ್ಲಿ ನಾಣ್ಯವೆಂದರೆ ಏನಾಗಿತ್ತು ಎಂಬಲ್ಲಿಂದ ಆರಂಭಿಸಬೇಕು.

ನಾಣ್ಯ ಎಂದರೆ ಏನಾಗಿತ್ತು?

ಇಂದು ನಮ್ಮ ಕೈಯಲ್ಲಿರುವ ಹತ್ತು ರೂಪಾಯಿಯ ನಾಣ್ಯದ ಬೆಲೆಗೂ ಅದರಲ್ಲಿರುವ ಲೋಹದ ಬೆಲೆಗೂ ಸಂಬಂಧವಿಲ್ಲ. ಸರ್ಕಾರ ಹತ್ತು ಎಂದು ಹೇಳಿರುವುದರಿಂದ ಅದು ಹತ್ತು. ಪ್ರಾಚೀನ ಗ್ರೀಕರ ಬೆಳ್ಳಿ ನಾಣ್ಯ ಹಾಗಿರಲಿಲ್ಲ. ಅದು ನಿಗದಿತ ತೂಕದ, ಬಹುಮಟ್ಟಿಗೆ ಶುದ್ಧವಾದ ಬೆಳ್ಳಿಯ ತುಂಡು; ಮೇಲಿದ್ದ ಮುದ್ರೆ ಆ ತೂಕಕ್ಕೂ ಶುದ್ಧತೆಗೂ ಒಂದು ನಗರ ಕೊಟ್ಟ ಮಾತು. ಇಂಥ ಮುದ್ರೆಯೊತ್ತುವ ಪದ್ಧತಿ ಈಗಿನ ಟರ್ಕಿಯ ಪಶ್ಚಿಮ ಭಾಗದಲ್ಲಿದ್ದ ಲಿಡಿಯಾ ರಾಜ್ಯ ಮತ್ತು ಅದರ ನೆರೆಯ ಗ್ರೀಕ್ ನಗರಗಳಲ್ಲಿ ಕ್ರಿ.ಪೂ. 7ನೇ ಶತಮಾನದಲ್ಲಿ ಮೊದಲಾಯಿತು. ಮೊದಮೊದಲ ನಾಣ್ಯಗಳು ಚಿನ್ನ ಮತ್ತು ಬೆಳ್ಳಿ ಬೆರೆತ ಎಲೆಕ್ಟ್ರಮ್ ಎಂಬ ಲೋಹದವು. ಮುಂದಿನ ನೂರು ವರ್ಷಗಳಲ್ಲಿ ಪದ್ಧತಿ ಗ್ರೀಕ್ ಜಗತ್ತಿನಾದ್ಯಂತ ಹಬ್ಬಿ, ಹತ್ತಾರು ನಗರಗಳು ತಮ್ಮದೇ ಟಂಕಸಾಲೆ ತೆರೆದು ಬೆಳ್ಳಿ ನಾಣ್ಯ ಹೊರಡಿಸತೊಡಗಿದವು.

ತಯಾರಿಸುವ ಕ್ರಮ ಸರಳ, ಆದರೆ ಶ್ರಮದ್ದು. ತೂಕ ನೋಡಿ ಸಿದ್ಧಪಡಿಸಿದ ಬೆಳ್ಳಿಯ ಬಿಲ್ಲೆಯನ್ನು, ಅಡಿಗಲ್ಲಿನಲ್ಲಿ ಕೂರಿಸಿದ ಕೆಳಗಿನ ಅಚ್ಚಿನ ಮೇಲಿಟ್ಟು, ಮೇಲಿನಿಂದ ಇನ್ನೊಂದು ಅಚ್ಚನ್ನು ಹಿಡಿದು ಸುತ್ತಿಗೆಯಿಂದ ಹೊಡೆಯುತ್ತಿದ್ದರು. ಎರಡು ಅಚ್ಚುಗಳನ್ನೂ ಕೈಯಿಂದಲೇ ಕೊರೆಯುತ್ತಿದ್ದುದರಿಂದ ಒಂದು ಅಚ್ಚು ಇನ್ನೊಂದರಂತೆ ಪೂರ್ತಿಯಾಗಿ ಇರುತ್ತಿರಲಿಲ್ಲ. ಈ ಸಂಗತಿ ಸಂಶೋಧಕರಿಗೆ ಬಹಳ ಉಪಯುಕ್ತ: ಎರಡು ನಾಣ್ಯಗಳು ಒಂದೇ ಅಚ್ಚಿನಿಂದ ಬಂದಿದ್ದರೆ, ಅವು ಸಿಕ್ಕಿದ ಊರುಗಳು ಎಷ್ಟೇ ದೂರವಿರಲಿ, ಒಂದೇ ಟಂಕಸಾಲೆಯಲ್ಲಿ ಹತ್ತಿರ ಹತ್ತಿರದ ಕಾಲದಲ್ಲಿ ಹುಟ್ಟಿದವು ಎಂದು ಹೇಳಬಹುದು.

ಗೂಬೆಯ ನಾಣ್ಯವನ್ನು ಹತ್ತಿರದಿಂದ ನೋಡಿದರೆ

ಅಥೆನ್ಸಿನ ನಾಣ್ಯಗಳಲ್ಲಿ ಹೆಚ್ಚು ದೂರ ಸಂಚರಿಸಿದ್ದು ಟೆಟ್ರಾಡ್ರಾಕ್ಮ್, ಅಂದರೆ ನಾಲ್ಕು ಡ್ರಾಕ್ಮಾ (ಗ್ರೀಕರ ಹಣದ ಮೂಲಮಾನ) ಬೆಲೆಯ ನಾಣ್ಯ. ತೂಕ ಸುಮಾರು 17.2 ಗ್ರಾಂ. ಅಡ್ಡಳತೆಯಲ್ಲಿ ದೊಡ್ಡದಲ್ಲ, ಆದರೆ ದಪ್ಪ; ಕೈಗೆ ಬಂದರೆ ಭಾರ ತಿಳಿಯುತ್ತದೆ. ಮುಮ್ಮುಖದಲ್ಲಿ ಶಿರಸ್ತ್ರಾಣ ತೊಟ್ಟ ಅಥೀನಾ ದೇವತೆಯ ಪಕ್ಕನೋಟದ ಮುಖ. ಹಿಮ್ಮುಖದಲ್ಲಿ ಚೌಕಾಕಾರದ ತಗ್ಗಿನೊಳಗೆ ನಮ್ಮತ್ತ ತಿರುಗಿ ನೋಡುವ ಗೂಬೆ, ಅದರ ಹಿಂದೆ ಆಲಿವ್ ಚಿಗುರು, ಎದುರಿಗೆ ಅಥೆನ್ಸಿನವರದು ಎಂದು ಸೂಚಿಸುವ ಮೂರು ಗ್ರೀಕ್ ಅಕ್ಷರಗಳು. ಪರ್ಷಿಯನ್ನರೊಂದಿಗಿನ ಯುದ್ಧಗಳ ನಂತರದ ನಾಣ್ಯಗಳಲ್ಲಿ ಗೂಬೆಯ ಹಿಂದೆ ಒಂದು ಸಣ್ಣ ಬಾಲಚಂದ್ರನೂ ಸೇರಿತು.

ಅಥೀನಾಳ ಕಣ್ಣನ್ನು ವಿಶೇಷವಾಗಿ ಗಮನಿಸಬೇಕು. ಮುಖ ಪಕ್ಕಕ್ಕೆ ತಿರುಗಿದ್ದರೂ ಕಣ್ಣನ್ನು ಎದುರಿನಿಂದ ಕಂಡಂತೆ, ಬಾದಾಮಿಯ ಆಕಾರದಲ್ಲಿ ಕೊರೆಯಲಾಗಿದೆ. ಇದು ಹಳೆಯ ಶೈಲಿ. ಕ್ರಿ.ಪೂ. 5ನೇ ಶತಮಾನದಲ್ಲಿ ಅಥೆನ್ಸಿನ ಶಿಲ್ಪಿಗಳು ಪಾರ್ಥೆನಾನ್ ದೇವಾಲಯದ ಶಿಲ್ಪಗಳಂಥ ಸಹಜ ರೂಪಗಳನ್ನು ಕಡೆಯುತ್ತಿದ್ದಾಗಲೂ ಅದೇ ನಗರದ ಟಂಕಸಾಲೆ ಅಜ್ಜಂದಿರ ಕಾಲದ ಈ ಕಣ್ಣನ್ನು ಬಿಡಲಿಲ್ಲ. ಚಿತ್ರ ಬದಲಾದರೆ ದೂರದ ಊರಿನವರು ನಾಣ್ಯವನ್ನು ಅನುಮಾನಿಸುತ್ತಾರೆ ಎಂಬ ಎಚ್ಚರಿಕೆಯೇ ಇದಕ್ಕೆ ಕಾರಣ ಎಂಬುದು ನಾಣ್ಯಶಾಸ್ತ್ರಜ್ಞರ ವಿವರಣೆ, ಮತ್ತು ನನಗೂ ಅದು ಒಪ್ಪುವಂಥದ್ದೆನಿಸುತ್ತದೆ.

ಇಷ್ಟೊಂದು ಬೆಳ್ಳಿ ಅಥೆನ್ಸಿಗೆ ಬಂದದ್ದು ನಗರದ ಆಗ್ನೇಯಕ್ಕಿರುವ ಲಾರಿಯನ್ ಗಣಿಗಳಿಂದ. ಕ್ರಿ.ಪೂ. 483ರ ಸುಮಾರಿಗೆ ಅಲ್ಲಿ ಸಮೃದ್ಧವಾದ ಅದಿರಿನ ಪದರವೊಂದು ಸಿಕ್ಕಿತು. ಆ ಆದಾಯವನ್ನು ಪ್ರಜೆಗಳಿಗೆ ಹಂಚುವ ಬದಲು ಯುದ್ಧನೌಕೆ ಕಟ್ಟಲು ಬಳಸೋಣ ಎಂದು ಅಥೆನ್ಸಿನ ಮುಖಂಡ ಥೆಮಿಸ್ಟೊಕ್ಲಿಸ್ ಜನರನ್ನು ಒಪ್ಪಿಸಿದ. ಗಣಿಗಳ ಇಕ್ಕಟ್ಟಾದ ಸುರಂಗಗಳಲ್ಲಿ ದುಡಿದವರಲ್ಲಿ ಹೆಚ್ಚಿನವರು ಗುಲಾಮರು. ಅಲ್ಲಿನ ಬೆಳ್ಳಿ ಸೀಸದ ಅದಿರಿನೊಂದಿಗೆ ಬೆರೆತಿರುತ್ತಿತ್ತು. ಎಷ್ಟು ಶುದ್ಧೀಕರಿಸಿದರೂ ಸೀಸದ ಲವಲೇಶ ಉಳಿಯುತ್ತಿತ್ತು. ಗಣಿಯಿಂದ ಗಣಿಗೆ ಸೀಸದ ಐಸೊಟೋಪುಗಳ, ಅಂದರೆ ತೂಕದಲ್ಲಿ ಬೇರೆಯಾದ ಸೀಸದ ಪರಮಾಣುಗಳ, ಪ್ರಮಾಣ ಬೇರೆಯಾಗಿರುವುದರಿಂದ, ಇಂದಿನ ಪ್ರಯೋಗಾಲಯಗಳಲ್ಲಿ ಆ ಲವಲೇಶವನ್ನು ಅಳೆದು ಬೆಳ್ಳಿಯ ಮೂಲವನ್ನು ಪತ್ತೆಹಚ್ಚಲು ಸಾಧ್ಯವಾಗುತ್ತದೆ.

ಹೂತ ಕಾಲ ತಿಳಿಯುವುದು ಹೇಗೆ?

ಒಟ್ಟಿಗೆ ಹೂತಿಟ್ಟ ನಾಣ್ಯಗಳ ಗುಂಪನ್ನು ನಿಧಿ ಎನ್ನುತ್ತಾರೆ. ನಿಧಿಯೊಂದರಲ್ಲಿ ಹಲವು ಕಾಲದ ನಾಣ್ಯಗಳು ಬೆರೆತಿರಬಹುದು. ಅವುಗಳಲ್ಲಿ ತೀರಾ ಈಚಿನದು ಯಾವುದೋ ಅದಕ್ಕಿಂತ ಮೊದಲು ನಿಧಿಯನ್ನು ಹೂತಿರಲು ಸಾಧ್ಯವಿಲ್ಲ. ಆ ಈಚಿನ ನಾಣ್ಯ ಸವೆಯದೆ ಹೊಸದರಂತಿದ್ದರೆ, ಅದು ಟಂಕಸಾಲೆ ಬಿಟ್ಟು ಬಹಳ ಕಾಲ ಕಳೆಯುವ ಮೊದಲೇ ನೆಲ ಸೇರಿತೆಂದು ಊಹಿಸಬಹುದು. ಕಾಬೂಲಿನ ನಿಧಿಗೆ ಕ್ರಿ.ಪೂ. 380ರ ಆಸುಪಾಸು ಎಂಬ ಕಾಲ ಸಿಕ್ಕಿದ್ದು ಈ ತರ್ಕದಿಂದಲೇ. ಒಂಟಿಯಾಗಿ ಸಿಕ್ಕ ನಾಣ್ಯದ ವಿಷಯದಲ್ಲಿ ಈ ಅನುಕೂಲವಿಲ್ಲ: ಅದು ಹುಟ್ಟಿದ ಕಾಲ ಗೊತ್ತಾಗುತ್ತದೆ, ಅಲ್ಲಿಗೆ ಬಂದ ಕಾಲ ಗೊತ್ತಾಗುವುದಿಲ್ಲ. ಕಳೆದ ಶತಮಾನದ ಸಂಗ್ರಾಹಕನೊಬ್ಬನ ಜೇಬಿನಿಂದ ಬಿದ್ದದ್ದೂ ಆಗಿರಬಹುದು.

ಹಣವಾಗಿ ಹೊರಟು ಬೆಳ್ಳಿಯಾಗಿ ತಲುಪಿದ್ದು

ಇಡೀ ವಿಷಯದ ತಿರುಳು ಇಲ್ಲಿದೆ. ಅಥೆನ್ಸಿನ ಸಂತೆಯಲ್ಲಿ ಗೂಬೆಯ ನಾಣ್ಯವನ್ನು ಎಣಿಸಿ ಕೊಡುತ್ತಿದ್ದರು. ಈಜಿಪ್ಟಿನಲ್ಲೋ ಕಾಬೂಲಿನಲ್ಲೋ ಅದನ್ನು ತೂಗಿ ಕೊಡುತ್ತಿದ್ದರು. ಹಳೆಯ ಬಳೆಯನ್ನು ಅಕ್ಕಸಾಲಿಗನ ಬಳಿ ಮಾರಲು ಒಯ್ದರೆ ಅವನು ಅದರ ಕುಸುರಿಯನ್ನಾಗಲಿ, ನಾವು ಕೊಟ್ಟಿದ್ದ ಮಜೂರಿಯನ್ನಾಗಲಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಒರೆಗಲ್ಲಿಗೆ ಉಜ್ಜಿ, ತಕ್ಕಡಿಗೆ ಹಾಕಿ, ಲೋಹಕ್ಕೆ ಬೆಲೆ ಕಟ್ಟುತ್ತಾನೆ. ಗ್ರೀಕ್ ನಾಣ್ಯಗಳಿಗೆ ದೂರದೇಶದಲ್ಲಿ ಆಗುತ್ತಿದ್ದುದೂ ಅದೇ. ಅವು ಅಲ್ಲಿ ಒಡೆದ ಪಾತ್ರೆ, ತುಂಡಾದ ಆಭರಣ, ಬೆಳ್ಳಿಯ ಗಟ್ಟಿ ಇವುಗಳ ಜೊತೆ ಒಂದೇ ಚೀಲದಲ್ಲಿ ಇರುತ್ತಿದ್ದವು.

ಇದಕ್ಕೆ ಕಣ್ಣಿಗೆ ಕಾಣುವ ಸಾಕ್ಷ್ಯ ಈಜಿಪ್ಟಿನ ಅಸ್ಯೂತ್ ಎಂಬಲ್ಲಿ 1960ರ ದಶಕದ ಕೊನೆಗೆ ಸಿಕ್ಕ ನಿಧಿ. ಕ್ರಿ.ಪೂ. 475ರ ಸುಮಾರಿಗೆ ಹೂತಿದ್ದ ಅದರಲ್ಲಿ ಸುಮಾರು 900 ಬೆಳ್ಳಿ ನಾಣ್ಯಗಳಿದ್ದವು. ಇಟಲಿಯ ಕಡೆಯಿಂದ ಸೈಪ್ರಸ್‌ವರೆಗೆ, ಉತ್ತರದ ಥ್ರೇಸ್‌ನಿಂದ ಆಫ್ರಿಕಾದ ಕರಾವಳಿಯ ಸೈರೀನ್‌ವರೆಗೆ ಗ್ರೀಕ್ ಜಗತ್ತಿನ ಹತ್ತಾರು ಟಂಕಸಾಲೆಗಳಿಗೆ ಸೇರಿದವು. ಅವುಗಳ ಮೇಲೆ ಉಳಿಯಿಂದ ಹೊಡೆದ ಆಳವಾದ ಸೀಳುಗಳಿವೆ. ದೇವರ ಮುಖ, ಆಮೆ, ಗೂಬೆ ಯಾವುದನ್ನೂ ಲೆಕ್ಕಿಸದೆ ಅಡ್ಡಡ್ಡ ಕಡಿದಿದ್ದಾರೆ. ಕಾರಣ ಸ್ಪಷ್ಟ: ತಾಮ್ರದ ತಿರುಳಿಗೆ ಬೆಳ್ಳಿಯ ತೆಳುಹೊದಿಕೆ ಕೊಟ್ಟ ಖೋಟಾ ನಾಣ್ಯಗಳು ಆಗಲೇ ಇದ್ದವು, ಒಳಗೆ ಏನಿದೆ ಎಂದು ತಿಳಿಯಲು ಕಡಿದು ನೋಡುವುದೇ ಸುಲಭದ ದಾರಿಯಾಗಿತ್ತು. ಮುದ್ರೆ ಕೊಟ್ಟ ಮಾತನ್ನು ನಂಬುವ ಅಗತ್ಯವೇ ಕಾಣದವರು ಮಾಡುವ ಕೆಲಸ ಇದು.

ಲೋಹವೇ ಮುಖ್ಯವಾಗಿದ್ದುದರಿಂದ ಅಥೆನ್ಸಿಗೆ ದೊಡ್ಡ ಲಾಭವಿತ್ತು. ಕ್ರಿ.ಪೂ. 4ನೇ ಶತಮಾನದ ಮಧ್ಯಭಾಗದಲ್ಲಿ ಅಥೆನ್ಸಿನ ಆದಾಯದ ಬಗ್ಗೆ ಬರೆಯುತ್ತಾ ಅಲ್ಲಿನ ಲೇಖಕ ಜೆನೊಫೋನ್ ಹೇಳುವಂತೆ, ಬೇರೆ ನಗರಗಳಲ್ಲಿ ಸರಕು ಮಾರಿದ ವರ್ತಕರು ಅಲ್ಲಿಂದ ಮತ್ತೊಂದು ಸರಕನ್ನೇ ತುಂಬಿಕೊಂಡು ಹೋಗಬೇಕಾಗುತ್ತಿತ್ತು, ಏಕೆಂದರೆ ಆ ನಗರಗಳ ಹಣ ಹೊರಗೆ ನಡೆಯುತ್ತಿರಲಿಲ್ಲ; ಅಥೆನ್ಸಿನಿಂದ ಮಾತ್ರ ಬೆಳ್ಳಿಯನ್ನೇ ಸರಕಾಗಿ ಒಯ್ಯಬಹುದಿತ್ತು, ಅದನ್ನು ಎಲ್ಲಿ ಮಾರಿದರೂ ಹಾಕಿದ ದುಡ್ಡಿಗಿಂತ ಹೆಚ್ಚು ಸಿಗುತ್ತಿತ್ತು.

ಒಯ್ದವರು ಯಾರು?

ಮೊದಲನೆಯವರು ವರ್ತಕರು. ಅಥೆನ್ಸ್ ತನ್ನ ಜನರ ಹೊಟ್ಟೆಗೆ ಬೇಕಾದ ಧಾನ್ಯವನ್ನು ಹೊರಗಿನಿಂದ ತರಿಸುತ್ತಿತ್ತು; ಕಪ್ಪುಸಮುದ್ರದ ತೀರ, ಈಜಿಪ್ಟ್ ಇವೆಲ್ಲ ಅದರ ಮೂಲಗಳು. ಧಾನ್ಯ ಒಳಗೆ ಬಂದಂತೆ ಬೆಳ್ಳಿ ಹೊರಗೆ ಹೋಯಿತು. ಎರಡನೆಯವರು ಕೂಲಿ ಸೈನಿಕರು. ಈಜಿಪ್ಟಿನ ಫೇರೋಗಳೂ ಪರ್ಷಿಯದ ಪ್ರಾಂತಾಧಿಪತಿಗಳೂ ಗ್ರೀಕ್ ಯೋಧರನ್ನು ಹಣಕ್ಕೆ ಇಟ್ಟುಕೊಳ್ಳುತ್ತಿದ್ದರು, ಮತ್ತು ಆ ಯೋಧರು ತಮಗೆ ಪರಿಚಿತವಾದ ನಾಣ್ಯದಲ್ಲೇ ಸಂಬಳ ಬಯಸುತ್ತಿದ್ದರು. ಈಜಿಪ್ಟಿನ ದಕ್ಷಿಣದ ಗಡಿಯ ಎಲಿಫೆಂಟೈನ್ ದ್ವೀಪದಲ್ಲಿ ಪರ್ಷಿಯನ್ನರ ಕಾವಲುಪಡೆಯಾಗಿದ್ದ ಯೆಹೂದಿ ಸಮುದಾಯದ ಅರಾಮಿಕ್ ಭಾಷೆಯ ಪತ್ರಗಳು ಉಳಿದುಬಂದಿವೆ; ಕ್ರಿ.ಪೂ. 400ರ ಸುಮಾರಿನ ಪತ್ರಗಳಲ್ಲಿ ಯವನರ, ಅಂದರೆ ಗ್ರೀಕರ, ಬೆಳ್ಳಿಯ ಲೆಕ್ಕ ಬರುತ್ತದೆ, ಅದರ ಒಂದು ಸ್ಟೇಟರ್ ನಾಣ್ಯ ಅವರ ತೂಕದ ಲೆಕ್ಕದಲ್ಲಿ ಎರಡು ಶೆಕೆಲ್‌ಗೆ ಸಮ. ನೈಲ್ ನದಿಯ ಮೇಲ್ಭಾಗದ ಒಂದು ದ್ವೀಪದಲ್ಲಿ ಮನೆ ಮಾರಾಟ, ಸಾಲದಂಥ ವ್ಯವಹಾರ ನಡೆಸುತ್ತಿದ್ದ ಸಾಮಾನ್ಯರಿಗೂ ಗ್ರೀಕ್ ಬೆಳ್ಳಿ ಪರಿಚಿತವಾಗಿತ್ತು.

ಮೂರನೆಯ ದಾರಿ ಕಪ್ಪಕಾಣಿಕೆಯದು. ಕಾಬೂಲಿನ ನಿಧಿ ಅರ್ಥವಾಗಬೇಕಾದರೆ ಈ ದಾರಿ ಬಹಳ ಮುಖ್ಯ. ಪರ್ಷಿಯದ ಅರಸ ಒಂದನೇ ದಾರಿಯವೂಷನ (ಡೇರಿಯಸ್) ಕಾಲಕ್ಕೆ, ಅಂದರೆ ಕ್ರಿ.ಪೂ. 500ರ ಆಸುಪಾಸಿಗೆ, ಏಜಿಯನ್ ಸಮುದ್ರದ ತೀರದಿಂದ ಸಿಂಧೂ ನದಿಯವರೆಗಿನ ನಾಡೆಲ್ಲ ಪರ್ಷಿಯದ ಒಂದೇ ಸಾಮ್ರಾಜ್ಯಕ್ಕೆ ಸೇರಿತ್ತು. ಅದರ ಪಶ್ಚಿಮದ ಅಂಚಿನಲ್ಲಿ ನೂರಾರು ಗ್ರೀಕರ ಊರುಗಳಿದ್ದವು. ಪೂರ್ವದ ಅಂಚಿನಲ್ಲಿ ಗಾಂಧಾರವೂ ಕಾಬೂಲ್ ಕಣಿವೆಯೂ ಇದ್ದವು. ಅಧಿಕಾರಿಗಳು, ಸೈನಿಕರು, ಕುಶಲಕರ್ಮಿಗಳು, ತೆರಿಗೆಯ ಬೆಳ್ಳಿ ಎಲ್ಲವೂ ಇದೇ ಸಾಮ್ರಾಜ್ಯದ ರಸ್ತೆಗಳಲ್ಲಿ ಸಂಚರಿಸುತ್ತಿದ್ದವು. ಅರಸನಿಗೆ ಬಂದ ಕಪ್ಪದ ಲೋಹವನ್ನು ಕರಗಿಸಿ ಮಣ್ಣಿನ ಹಂಡೆಗಳಲ್ಲಿ ಹೊಯ್ದು, ಹಂಡೆ ತುಂಬಿದ ಮೇಲೆ ಮಣ್ಣನ್ನು ಒಡೆದು ತೆಗೆದು, ಬೇಕಾದಾಗ ಬೇಕಾದಷ್ಟನ್ನು ಕಡಿದು ಬಳಸುತ್ತಿದ್ದರೆಂದು ಗ್ರೀಕ್ ಇತಿಹಾಸಕಾರ ಹೆರೊಡೊಟಸ್ ಬರೆದಿದ್ದಾನೆ. ಕರಗುವ ಮೊದಲೇ ಎಲ್ಲೋ ಉಳಿದುಕೊಂಡ ನಾಣ್ಯಗಳು ಮಾತ್ರ ನಮ್ಮವರೆಗೆ ಬಂದಿವೆ. ಪರ್ಷಿಯದ ರಾಜಧಾನಿ ಪರ್ಸೆಪೊಲಿಸ್‌ನ ಅಪಾದಾನ ಎಂಬ ಮಹಾಸಭಾಂಗಣದ ಅಡಿಪಾಯದಲ್ಲೂ 1933ರಲ್ಲೇ ದಾರಿಯವೂಷನ ಚಿನ್ನ ಮತ್ತು ಬೆಳ್ಳಿಯ ಶಾಸನ ಫಲಕಗಳು ಸಿಕ್ಕವು. ಅವುಗಳೊಂದಿಗೆ ಲಿಡಿಯಾದ ಮಾದರಿಯ ಚಿನ್ನದ ನಾಣ್ಯಗಳೂ ಗ್ರೀಕರ ಈಜಿನಾ ದ್ವೀಪ ಮತ್ತು ಅಬ್ದೇರಾ ನಗರದ ಬೆಳ್ಳಿ ನಾಣ್ಯಗಳೂ ಇದ್ದವು. ಸಾಮ್ರಾಜ್ಯದ ದೂರದ ಅಂಚಿನ ಲೋಹವನ್ನು ಅರಸನೇ ತನ್ನ ಕಟ್ಟಡದ ತಳದಲ್ಲಿ ಇರಿಸಿದ್ದ.

ಹೀಗಾಗಿ ಕಾಬೂಲಿನಲ್ಲಿ ಸಿಕ್ಕ ಗೂಬೆಯ ನಾಣ್ಯವನ್ನು ಅಥೆನ್ಸಿನವನೊಬ್ಬ ಹೊತ್ತು ತಂದ ಎಂದು ಭಾವಿಸಬೇಕಾಗಿಲ್ಲ. ಅದು ಹಲವು ಕೈ ದಾಟಿ, ಹಲವು ವರ್ಷ ಕಳೆದು, ಪ್ರತಿ ಹಂತದಲ್ಲೂ ತೂಕಕ್ಕೆ ಬಿದ್ದು ಬಂದಿರುವ ಸಾಧ್ಯತೆಯೇ ಹೆಚ್ಚು. ಪಾಕಿಸ್ತಾನದ ಪೇಶಾವರದ ಹತ್ತಿರ, ಪ್ರಾಚೀನ ಪುಷ್ಕಲಾವತಿಯ ನೆಲೆಯಾದ ಶೇಖಾನ್ ಢೇರಿಯಿಂದ 2007ರಲ್ಲಿ ಬೆಳಕಿಗೆ ಬಂದ ನಿಧಿಯಲ್ಲೂ ಕ್ರಿ.ಪೂ. 5ನೇ ಶತಮಾನದ ಆದಿಭಾಗದ ಅಥೆನ್ಸಿನ ನಾಣ್ಯವೊಂದು ಸ್ಥಳೀಯ ಬೆಳ್ಳಿಯ ರಾಶಿಯಲ್ಲಿ ಸೇರಿಕೊಂಡಿತ್ತು.

ಗೂಬೆ ಇದ್ದರೂ ಅಥೆನ್ಸಿನದಲ್ಲ

ಇನ್ನೊಂದು ತೊಡಕಿದೆ. ಗೂಬೆಯ ನಾಣ್ಯಕ್ಕೆ ಎಷ್ಟು ಹೆಸರು ಬಂತೆಂದರೆ ಈಜಿಪ್ಟ್, ಪ್ಯಾಲೆಸ್ಟೈನ್, ದಕ್ಷಿಣ ಅರೇಬಿಯಾಗಳಲ್ಲೂ ಅದೇ ಚಿತ್ರದ ನಾಣ್ಯಗಳನ್ನು ಟಂಕಿಸತೊಡಗಿದರು. ಇವೆಲ್ಲ ಮೋಸದ ನಾಣ್ಯಗಳಲ್ಲ. ಹೆಚ್ಚಿನವುಗಳಲ್ಲಿ ಒಳ್ಳೆಯ ಬೆಳ್ಳಿಯೇ ಇತ್ತು. ಕ್ರಿ.ಪೂ. 343ರ ನಂತರ ಈಜಿಪ್ಟನ್ನು ಮರಳಿ ಗೆದ್ದ ಪರ್ಷಿಯದ ಮೂರನೇ ಅರ್ತಕ್ಷರ್ಷ ತನ್ನ ಹೆಸರನ್ನೂ ಫೇರೋ ಎಂಬ ಬಿರುದನ್ನೂ ಈಜಿಪ್ಟಿನ ಡೆಮೊಟಿಕ್ ಲಿಪಿಯಲ್ಲಿ ಕೆತ್ತಿಸಿ, ಪಕ್ಕದಲ್ಲಿ ಅಥೆನ್ಸಿನ ಗೂಬೆಯನ್ನು ಹಾಗೆಯೇ ಉಳಿಸಿಕೊಂಡ. ಜನ ನಂಬುತ್ತಿದ್ದುದು ಆ ಚಿತ್ರವನ್ನು.

ಇಂಥ ನಾಣ್ಯಗಳು ಅಥೆನ್ಸಿಗೂ ಮರಳಿ ಬರುತ್ತಿದ್ದವು. ಅದಕ್ಕಾಗಿ ಕ್ರಿ.ಪೂ. 375ರಲ್ಲಿ ನಿಕೊಫೋನ್ ಎಂಬವನ ಪ್ರಸ್ತಾಪದ ಮೇಲೆ ಅಲ್ಲಿ ಒಂದು ಕಾನೂನು ಆಯಿತು. ಅದರ ಶಿಲಾಶಾಸನ 1970ರಲ್ಲಿ ಅಥೆನ್ಸಿನ ಹಳೆಯ ಸಂತೆಚೌಕದ ಉತ್ಖನನದಲ್ಲಿ ಸಿಕ್ಕಿತು. ಅದರ ಪ್ರಕಾರ ಸಂತೆಯ ಹಣ ವಿನಿಮಯದ ಮೇಜುಗಳ ನಡುವೆ ನಗರದ ಗುಲಾಮನೊಬ್ಬ ನಾಣ್ಯಪರೀಕ್ಷಕನಾಗಿ ಕೂತಿರಬೇಕು. ಅಥೆನ್ಸಿನ ಚಿತ್ರವಿರುವ ಹೊರಗಿನ ನಾಣ್ಯ ಒಳ್ಳೆಯ ಬೆಳ್ಳಿಯದಾಗಿದ್ದರೆ ತಂದವನಿಗೇ ಹಿಂದಿರುಗಿಸಬೇಕು. ಒಳಗೆ ಕಂಚೋ ಸೀಸವೋ ಇದ್ದರೆ ಅಲ್ಲೇ ಕಡಿದು, ‘ದೇವತೆಗಳ ತಾಯಿ’ ಎಂಬ ದೇವಿಯ ಸೊತ್ತೆಂದು ಆಡಳಿತ ಮಂಡಳಿಗೆ ಒಪ್ಪಿಸಬೇಕು. ಪರೀಕ್ಷಕ ಒಪ್ಪಿದ ನಾಣ್ಯವನ್ನು ಬೇಡವೆಂದ ವ್ಯಾಪಾರಿಯ ಆ ದಿನದ ಸರಕು ಮುಟ್ಟುಗೋಲು. ಪರೀಕ್ಷಕನೇ ಕೆಲಸ ತಪ್ಪಿಸಿದರೆ ಅವನಿಗೆ ಐವತ್ತು ಛಡಿ ಏಟು. ಆದ್ದರಿಂದ ದೂರದಲ್ಲಿ ಗೂಬೆಯ ನಾಣ್ಯ ಸಿಕ್ಕಿತೆಂದಾಗ ಸಂಶೋಧಕರು ಮೊದಲು ಅಚ್ಚಿನ ಶೈಲಿ, ಅಕ್ಷರಗಳ ರೂಪ, ತೂಕ, ಲೋಹ ಇವನ್ನು ನೋಡಿ ಅದು ನಿಜಕ್ಕೂ ಅಥೆನ್ಸಿನದೇ ಎಂದು ಖಚಿತಪಡಿಸಿಕೊಳ್ಳುತ್ತಾರೆ.

ಅಲೆಕ್ಸಾಂಡರನ ನಂತರ ಬದಲಾದದ್ದು

ಅಲೆಕ್ಸಾಂಡರ್ ಪರ್ಷಿಯದ ಖಜಾನೆಗಳನ್ನು ವಶಪಡಿಸಿಕೊಂಡು ಅಲ್ಲಿನ ಲೋಹವನ್ನು ನಾಣ್ಯವಾಗಿ ಟಂಕಿಸಿದ. ಆಮೇಲೆ ಟಂಕಸಾಲೆಗಳೇ ಪೂರ್ವಕ್ಕೆ ಬಂದವು. ತಕ್ಷಶಿಲೆಯ ಭೀರ್ ದಿಬ್ಬದಲ್ಲಿ 1924ರಲ್ಲಿ ಸಿಕ್ಕ ನಿಧಿಯಲ್ಲಿ ಭಾರತದ ಮುದ್ರಾಂಕಿತ ಬೆಳ್ಳಿ ನಾಣ್ಯಗಳ ನಡುವೆ ಅಲೆಕ್ಸಾಂಡರನ ಎರಡು, ಅವನ ಮಲಸಹೋದರ ಫಿಲಿಪ್ ಅರಿಡಿಯಸ್‌ನ ಒಂದು ನಾಣ್ಯ ಇದ್ದವು. ಕ್ರಿ.ಪೂ. 2ನೇ ಶತಮಾನದಲ್ಲಿ ಬ್ಯಾಕ್ಟ್ರಿಯಾ (ಈಗಿನ ಉತ್ತರ ಅಫ್ಘಾನಿಸ್ತಾನದ ಸುತ್ತಲ ನಾಡು) ಮತ್ತು ಪಂಜಾಬಿನ ಗ್ರೀಕ್ ಅರಸರು ಸ್ಥಳೀಯರಿಗಾಗಿಯೇ ನಾಣ್ಯ ಹೊರಡಿಸಿದರು. ಅವರಲ್ಲೊಬ್ಬನಾದ ಅಗಾಥೊಕ್ಲಿಸ್‌ನ ಆರು ನಾಣ್ಯಗಳು 1970ರಲ್ಲಿ ಉತ್ತರ ಅಫ್ಘಾನಿಸ್ತಾನದ ಐ ಖಾನುಮ್‌ನಲ್ಲಿ ದೊರೆತಿವೆ. ಅವುಗಳ ಒಂದು ಬದಿಯಲ್ಲಿ ಚಕ್ರ ಹಿಡಿದ ವಾಸುದೇವ, ಇನ್ನೊಂದು ಬದಿಯಲ್ಲಿ ನೇಗಿಲು ಹಿಡಿದ ಸಂಕರ್ಷಣ, ಅಂದರೆ ಬಲರಾಮ. ಗ್ರೀಕ್ ಲಿಪಿಯ ಜೊತೆಗೆ ಬ್ರಾಹ್ಮಿ ಲಿಪಿಯೂ ಇದೆ. ಇಂಥವನ್ನು ದೂರದಿಂದ ಬಂದ ನಾಣ್ಯ ಎನ್ನಲಾಗದು, ಅವು ಇಲ್ಲಿಯವೇ. ಕ್ರಿ.ಶ. 1ನೇ ಶತಮಾನದ ಗ್ರೀಕ್ ನೌಕಾಕೈಪಿಡಿಯೊಂದು ಗುಜರಾತಿನ ಭರೂಚ್ ಬಂದರಿನಲ್ಲಿ ಅಪೊಲೊಡೋಟಸ್ ಮತ್ತು ಮಿನಾಂಡರ್ ಅರಸರ ಗ್ರೀಕ್ ಅಕ್ಷರಗಳುಳ್ಳ ಹಳೆಯ ಡ್ರಾಕ್ಮಾಗಳು ಆಗಲೂ ಚಲಾವಣೆಯಲ್ಲಿದ್ದವೆಂದು ಹೇಳುತ್ತದೆ. ಆ ಅರಸರು ತೀರಿ ನೂರಕ್ಕೂ ಹೆಚ್ಚು ವರ್ಷಗಳಾಗಿದ್ದವು.

ಕರ್ನಾಟಕದಲ್ಲಿ ಇದಕ್ಕೆ ಹತ್ತಿರದ ಉದಾಹರಣೆ ರೋಮನ್ ನಾಣ್ಯಗಳದು. ಬೆಂಗಳೂರಿನ ಯಶವಂತಪುರದಲ್ಲಿ 1891ರಲ್ಲಿ ನೂರಕ್ಕೂ ಹೆಚ್ಚು ರೋಮನ್ ಬೆಳ್ಳಿ ನಾಣ್ಯಗಳ ನಿಧಿ ಸಿಕ್ಕಿತು. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಚಕ್ರವರ್ತಿ ಟೈಬೀರಿಯಸ್‌ನ ನಾಣ್ಯ ದೊರೆತಿದೆ. ರೋಮನ್ನರು ಯಶವಂತಪುರದಲ್ಲಿ ನೆಲೆಸಿದ್ದರು ಎಂದು ಇದರಿಂದ ಹೇಳಲಾಗದು. ಮೆಣಸು, ಬಟ್ಟೆ, ಹರಳುಗಳಿಗೆ ಬದಲಾಗಿ ಬಂದರುಗಳಿಗೆ ಬಂದ ಬೆಳ್ಳಿ ಒಳನಾಡಿನ ಹಾದಿ ಹಿಡಿದು ಇಲ್ಲಿಗೆ ತಲುಪಿತು ಎಂದು ಹೇಳಬಹುದು.

ಸಿಕ್ಕ ಜಾಗ ಕಳೆದುಹೋದರೆ

ಮೇಲಿನ ಎಲ್ಲ ತರ್ಕಗಳೂ ಒಂದು ಸಂಗತಿಯನ್ನು ನಂಬಿವೆ: ನಾಣ್ಯ ಎಲ್ಲಿ ಸಿಕ್ಕಿತು, ಯಾವುದರ ಜೊತೆ ಸಿಕ್ಕಿತು ಎಂಬ ಮಾಹಿತಿ. ಅಸ್ಯೂತ್ ನಿಧಿ ಸಿಕ್ಕ ಕೂಡಲೇ ಮಾರುಕಟ್ಟೆಯಲ್ಲಿ ಚದುರಿಹೋಯಿತು. ನಾಣ್ಯಶಾಸ್ತ್ರಜ್ಞರಾದ ಮಾರ್ಟಿನ್ ಪ್ರೈಸ್ ಮತ್ತು ನ್ಯಾನ್ಸಿ ವ್ಯಾಗನರ್ ಅದನ್ನು ಮತ್ತೆ ಕಾಗದದ ಮೇಲೆ ಒಟ್ಟುಗೂಡಿಸಿ 1975ರಲ್ಲಿ ಪ್ರಕಟಿಸಿದ್ದರಿಂದಲೇ ಇಂದು ನಾವು ಅದರ ಬಗ್ಗೆ ಮಾತಾಡಬಹುದಾಗಿದೆ. ಟರ್ಕಿಯ ಎಲ್ಮಾಲಿ ಎಂಬಲ್ಲಿ 1984ರಲ್ಲಿ ಅಗೆದು ತೆಗೆದ ಸುಮಾರು 1,900 ನಾಣ್ಯಗಳ ನಿಧಿ ಕಳ್ಳಸಾಗಣೆಯಾಗಿ ಅಮೆರಿಕ ಸೇರಿತ್ತು. ಅದರಲ್ಲಿ ಅತ್ಯಂತ ಅಪರೂಪವಾದ, 43 ಗ್ರಾಂ ತೂಗುವ ಅಥೆನ್ಸಿನ ಹತ್ತು ಡ್ರಾಕ್ಮಾ ನಾಣ್ಯಗಳೂ ಇದ್ದವು. ದೀರ್ಘ ಕಾನೂನು ಹೋರಾಟದ ನಂತರ 1999ರಲ್ಲಿ ಅದರ ಬಹುಭಾಗ ಟರ್ಕಿಗೆ ಮರಳಿತು. ಕಾಬೂಲಿನ ನಾಣ್ಯಗಳನ್ನು ಇರಿಸಿದ್ದ ವಸ್ತುಸಂಗ್ರಹಾಲಯ 1990ರ ದಶಕದ ಅಂತರ್ಯುದ್ಧದಲ್ಲಿ ಲೂಟಿಯಾಯಿತು. ಫ್ರೆಂಚ್ ಪುರಾತತ್ತ್ವಜ್ಞ ಡೇನಿಯಲ್ ಶ್ಲುಂಬರ್ಗರ್ 1953ರಲ್ಲಿ ಅವುಗಳ ಚಿತ್ರಗಳನ್ನೂ ವಿವರಗಳನ್ನೂ ಪ್ರಕಟಿಸಿರದಿದ್ದರೆ ಅಲೆಕ್ಸಾಂಡರನಿಗಿಂತ ಮುಂಚಿನ ಆ ಬೆಳ್ಳಿಯ ಬಗ್ಗೆ ಇಂದು ಇಷ್ಟು ಖಚಿತವಾಗಿ ಹೇಳಲು ಆಗುತ್ತಿರಲಿಲ್ಲ.

ನಮ್ಮಲ್ಲಿ ಹೊಲ ಉಳುವಾಗಲೋ ಪಾಯ ತೆಗೆಯುವಾಗಲೋ ಹಳೆಯ ನಾಣ್ಯಗಳು ಸಿಕ್ಕರೆ ಜಿಲ್ಲಾಡಳಿತಕ್ಕೆ ತಿಳಿಸುವುದು ಕಾನೂನಿನ ಪ್ರಕಾರ ಕಡ್ಡಾಯ; ತಹಶೀಲ್ದಾರರ ಕಚೇರಿಯ ಮೂಲಕವೂ ತಿಳಿಸಬಹುದು. ಅಧಿಕಾರಿಗಳು ಬರುವವರೆಗೆ ನಾಣ್ಯಗಳನ್ನು ಹುಣಸೆಹಣ್ಣಿನಿಂದ ಉಜ್ಜಿ ತೊಳೆಯಬಾರದು, ಗುಂಪನ್ನು ಬೇರ್ಪಡಿಸಿ ಹಂಚಿಕೊಳ್ಳಬಾರದು. ಮಡಕೆ ಒಡೆದಿದ್ದರೆ ಅದರ ಚೂರುಗಳನ್ನೂ ಜೊತೆಗೆ ತೆಗೆದಿಡಬೇಕು, ಸಿಕ್ಕ ಜಾಗವನ್ನೂ ಆಳವನ್ನೂ ಫೋಟೊ ತೆಗೆದು ಗುರುತಿಟ್ಟುಕೊಳ್ಳಬೇಕು.